ನೀಲಿ ಚೌಕದ ಟವೆಲ್ ಇನ್ನೂ ನಮ್ಮನೆಯಲ್ಲೇ ಇದೆ

ಕಳೆದ ಭಾನುವಾರ, ಐದೂವರೆ ತಿಂಗಳಾದ ಮೇಲೆ, ಮತ್ತೆ ಸೈಕಲ್ ಹತ್ತಿದೆ. ಒಂಬತ್ತು ಕಿಲೋಮೀಟರ್ ಅಷ್ಟೇ. ಎಡಗೈ ಮಣಿಕಟ್ಟು ಸ್ವಲ್ಪ ಬಿಗಿಯಾಗಿತ್ತು, ನೋವಿರಲಿಲ್ಲ. ಮನೆಗೆ ಬಂದು ಹೆಲ್ಮೆಟ್ ತೆಗೆದಿಟ್ಟು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಈ ದಿನ ಬರೋಕೆ ಯಾರ್ಯಾರು ಕಾರಣ ಅನ್ನೋದನ್ನ ಬರೆಯದೆ ಇರೋಕೆ ಆಗಲಿಲ್ಲ.

ಬಿದ್ದದ್ದು ಆಗಸ್ಟ್ ಮೊದಲ ವಾರ, ಬೆಂಗಳೂರಿನ ತುರಹಳ್ಳಿ ಕಾಡಿನ ಪಕ್ಕದ ಮಣ್ಣಿನ ದಾರಿಯಲ್ಲಿ. ಎರಡು ತಿಂಗಳಿಂದ ಬನ್ನಿ ಹಾಪ್ ಕಲಿಯುತ್ತಿದ್ದೆ. ಓಡುತ್ತಿರುವ ಸೈಕಲ್ಲನ್ನು ಎರಡೂ ಚಕ್ರ ಸಮೇತ ನೆಲದಿಂದ ಎತ್ತಿ, ಅಡ್ಡ ಸಿಕ್ಕ ಕಲ್ಲನ್ನೋ ಬೇರನ್ನೋ ದಾಟಿಸೋದು. ಸೀಟು ತಗ್ಗಿಸಿಕೊಂಡು, ಮೈ ಕುಗ್ಗಿಸಿ ಸೊಂಟ ಹಿಂದಕ್ಕೆ ಒಯ್ದರೆ ಮುಂದಿನ ಚಕ್ರ ಏಳುತ್ತದೆ. ಆಮೇಲೆ ಥಟ್ಟನೆ ನೆಟ್ಟಗಾಗಿ, ಹ್ಯಾಂಡಲನ್ನು ಮುಂದಕ್ಕೆ ತಳ್ಳುತ್ತಾ, ಪಾದದಿಂದ ಪೆಡಲನ್ನು ಹಿಂದಕ್ಕೂ ಮೇಲಕ್ಕೂ ಬಾಚಬೇಕು. ಆಗ ಹಿಂದಿನ ಚಕ್ರವೂ ಏಳುತ್ತದೆ. ಈ ಬಾಚೋದು ಕಾಲಿಗೆ ಹತ್ತೋಕೇ ನನಗೆ ಆರು ವಾರ ಹಿಡಿಯಿತು. ಸೀಮೆಸುಣ್ಣದ ಗೆರೆ, ಖಾಲಿ ನೀರಿನ ಬಾಟಲಿ, ಮಲಗಿಸಿದ ಇಟ್ಟಿಗೆ, ಎಲ್ಲಾ ದಾಟಿದ್ದೆ.

ಅವತ್ತು ನೀಲಗಿರಿ ದಿಮ್ಮಿ. ರಾತ್ರಿಯೆಲ್ಲಾ ಮಳೆ ಬಂದಿತ್ತು. ತೊಗಟೆ ಸುಲಿದ ಮರ ನೆನೆದರೆ ಪಾಚಿ ಕಟ್ಟಿದ ಕಲ್ಲಿನ ಹಾಗೆ ಜಾರುತ್ತದೆ. ಮುಂದಿನ ಚಕ್ರ ದಾಟಿತು, ಹಿಂದಿನದು ದಿಮ್ಮಿಗೆ ಬಡಿದು ಜಾರಿತು. ಅಷ್ಟೊತ್ತಿಗೆ ನನ್ನ ಭಾರವೆಲ್ಲ ಮುಂದಕ್ಕೆ ಬಂದಿತ್ತು. ಹ್ಯಾಂಡಲ್ ಮೇಲಿಂದ ಹಾರಿ ಎಡಗೈ ಊರಿ ಬಿದ್ದೆ. ಗ್ಲೌಸ್ ಅಂಗೈ ಬುಡದಲ್ಲಿ ಹರಿದುಹೋಗಿತ್ತು. ಒದ್ದೆ ಮರದ ಮೇಲೆ ಹೊಸದನ್ನು ಕಲಿಯೋಕೆ ಹೋದದ್ದು, ಅದೂ ಒಬ್ಬಳೇ ಹೋದದ್ದು ನನ್ನದೇ ತಪ್ಪು.

ಮೊದಲು ಓಡಿ ಬಂದದ್ದು ವಾಕಿಂಗ್‌ಗೆ ಬಂದಿದ್ದ ಒಬ್ಬ ಹಿರಿಯರು. "ಏಳಬೇಡಮ್ಮ, ಹಾಗೇ ಇರು. ಬೆರಳು ಅಲ್ಲಾಡಿಸು ನೋಡೋಣ" ಅಂದರು. ಹೆಗಲ ಮೇಲಿದ್ದ ಟವೆಲ್ ತೆಗೆದು, ಎರಡು ಮಡಿಕೆ ಮಾಡಿ, ಕೈಯನ್ನು ಎದೆಗೆ ಸೇರಿಸಿ ಕುತ್ತಿಗೆಗೆ ಕಟ್ಟಿದರು. ಬಿಳಿ ಬಟ್ಟೆ, ನೀಲಿ ಚೌಕ. ಗಂಟು ಹಾಕುವಾಗ ಅವರ ಕೈ ಒಂಚೂರೂ ನಡುಗಲಿಲ್ಲ. ನಾನು ಮಾತ್ರ ನಡುಗುತ್ತಿದ್ದೆ. ಆಟೋ ನಿಲ್ಲಿಸಿದ್ದೂ ಅವರೇ. ನನ್ನ ಸೈಕಲ್ಲನ್ನು ತಳ್ಳಿಕೊಂಡು ಹೋಗಿ ರಸ್ತೆ ಬದಿಯ ಎಳನೀರು ಅಣ್ಣನ ಹತ್ತಿರ ಬಿಟ್ಟದ್ದೂ ಅವರೇ. ಆ ಅಣ್ಣ ಮೂರು ದಿನ ಅದಕ್ಕೆ ಟಾರ್ಪಾಲು ಹೊದಿಸಿ ಇಟ್ಟುಕೊಂಡಿದ್ದರು. ದುಡ್ಡು ಕೊಡೋಕೆ ಹೋದರೆ ತೆಗೆದುಕೊಳ್ಳಲಿಲ್ಲ. ಆಟೋದವರು ಪ್ರತಿ ಹಂಪ್ ಹತ್ತಿರವೂ "ಹಂಪ್ ಬಂತಕ್ಕ" ಅಂತ ಹೇಳಿ, ನಾನು ಕೈ ಹಿಡಿದುಕೊಂಡ ಮೇಲೇ ದಾಟಿಸಿದರು. ಅವರಿಗೂ ಇಲ್ಲಿಂದಲೇ ನಮಸ್ಕಾರ.

ಜಾಸ್ತಿ ಹೇಳಬೇಕಾದದ್ದು ಅವತ್ತು ಡ್ಯೂಟಿಯಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮನ ಬಗ್ಗೆ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ನನಗೆ ಖುಷಿಯಾಯಿತು. ಉಳುಕಿದೆ, ಕ್ರೇಪ್ ಬ್ಯಾಂಡೇಜ್ ಸುತ್ತಿಕೊಂಡು ಹೋಗೋಣ ಅಂತ ಎದ್ದೆ. ಅವರು ಮತ್ತೆ ಕೂರಿಸಿದರು. ಹೆಬ್ಬೆರಳನ್ನು ಮೇಲಕ್ಕೆ ಎತ್ತಿದರೆ ಅದರ ಬುಡದಲ್ಲಿ ಒಂದು ಪುಟ್ಟ ಗುಳಿ ಬೀಳುತ್ತದಲ್ಲ, ಅಲ್ಲಿ ಒತ್ತಿದರು. ಜೀವ ಹೋದಂತಾಯಿತು. "ಫಿಲ್ಮ್‌ನಲ್ಲಿ ಕಾಣಲಿಲ್ಲ ಅಂದ್ರೆ ಮುರಿದಿಲ್ಲ ಅಂತ ಅಲ್ಲ" ಅಂದರು.

ಆ ಗುಳಿಯ ಕೆಳಗೆ ಇರೋದು ಸ್ಕೇಫಾಯ್ಡ್ ಅನ್ನೋ ಮೂಳೆ. ಹೆಚ್ಚೂಕಡಿಮೆ ಒಂದು ಗೋಡಂಬಿಯಷ್ಟಿರುತ್ತದೆ. ಕೈ ಊರಿ ಬಿದ್ದವರಿಗೆ ಇದು ಮುರಿಯೋದು ಅಪರೂಪವೇನಲ್ಲ. ಸಣ್ಣ ಬಿರುಕಾದರೆ ಮೊದಲ ದಿನದ ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು. ಇದಕ್ಕೆ ರಕ್ತ ಬರೋದು ಬಹುಪಾಲು ಬೆರಳಿನ ಕಡೆಯಿಂದ, ಹಿಂದಕ್ಕೆ. ನಡುವೆ ಮುರಿದರೆ ಮಣಿಕಟ್ಟಿನ ಕಡೆಯ ತುಂಡಿಗೆ ರಕ್ತ ಸರಿಯಾಗಿ ಸಿಗದೆ ಹೋಗಬಹುದು. ಉಳುಕು ಅಂತ ಸುಮ್ನೆ ಬಿಟ್ಟರೆ ಮೂಳೆ ಕೂಡದೆ ಉಳಿದು, ವರ್ಷಗಳು ಕಳೆದ ಮೇಲೆ ಮಣಿಕಟ್ಟೇ ಸವೆಯುತ್ತದಂತೆ. ಇದೆಲ್ಲ ಅವರು ಒಂದು ಚೀಟಿಯ ಹಿಂದೆ ಚಿತ್ರ ಬರೆದು ತಿಳಿಸಿದರು. ಹೊರಗೆ ಅಷ್ಟು ಜನ ಕಾಯುತ್ತಿದ್ದರು. ನಾನೋ, ಇಲ್ಲದ ಮುರಿತಕ್ಕೆ ಪ್ಲಾಸ್ಟರ್ ಯಾಕೆ ಅಂತ ವಾದ ಮಾಡುತ್ತಿದ್ದೆ. ಅವರು ಬೇಸರ ಮಾಡಿಕೊಳ್ಳದೆ ಹೆಬ್ಬೆರಳೂ ಸೇರಿ ಪ್ಲಾಸ್ಟರ್ ಹಾಕಿ, ಎರಡು ವಾರ ಬಿಟ್ಟು ಬನ್ನಿ ಅಂದರು. ಹನ್ನೆರಡನೇ ದಿನದ ಎಕ್ಸ್‌ರೇಯಲ್ಲಿ ಕೂದಲೆಳೆಯಂಥ ಗೆರೆ ಎದ್ದು ಕಾಣುತ್ತಿತ್ತು. ಡಾಕ್ಟರೇ, ಅವತ್ತು ನಿಮ್ಮ ಜೊತೆ ಏರುದನಿಯಲ್ಲಿ ಮಾತಾಡಿದ್ದಕ್ಕೆ ಕ್ಷಮೆ ಇರಲಿ. ಈ ಕೈ ಇವತ್ತು ಬ್ರೇಕ್ ಹಿಡಿಯುತ್ತಿದೆ ಅಂದರೆ ಅದು ನಿಮ್ಮಿಂದ.

ಪ್ಲಾಸ್ಟರ್ ಒಟ್ಟು ಹನ್ನೊಂದು ವಾರ ಇತ್ತು. ಬಲಗೈ ಇದೆಯಲ್ಲ ಅಂತ ಎಲ್ಲರೂ ಹೇಳಿದರು. ಒಂದೇ ಕೈಲಿ ಜಡೆ ಹಾಕಿಕೊಳ್ಳೋಕೆ ಆಗುತ್ತಾ? ನನ್ನ ಕೂದಲು ಸೊಂಟದವರೆಗೆ ಇದೆ. ಯಜಮಾನರು ಕೆಲಸದ ಮೇಲೆ ಊರಿಗೂ ಇಲ್ಲಿಗೂ ಓಡಾಡುತ್ತಿದ್ದರು. ಎಪ್ಪತ್ತೊಂದು ವರ್ಷದ ಅಪ್ಪ ಕನ್ನಡಕ ಹಾಕಿಕೊಂಡು, ಕೊಬ್ಬರಿ ಎಣ್ಣೆ ಬಟ್ಟಲು ಇಟ್ಟುಕೊಂಡು ನನ್ನ ಹಿಂದೆ ಕೂತರು. ಮೊದಲ ವಾರ ಜಡೆ ಮಧ್ಯಾಹ್ನದ ಹೊತ್ತಿಗೇ ಬಿಚ್ಚಿಹೋಗುತ್ತಿತ್ತು. ನನ್ನ ಮಗಳು ಪಕ್ಕದಲ್ಲಿ ನಿಂತು "ತಾತ, ಈಗ ಬಲಗಡೆದು ಮಧ್ಯಕ್ಕೆ" ಅಂತ ಹೇಳಿಕೊಡುತ್ತಿದ್ದಳು. ಮೂರನೇ ವಾರಕ್ಕೆ ಅಪ್ಪ ಎಷ್ಟು ಬಿಗಿಯಾಗಿ ಹೆಣೆದರೆಂದರೆ ಮಾರನೇ ದಿನ ಬೆಳಿಗ್ಗೆವರೆಗೂ ಒಂದೆಳೆ ಸಡಿಲಾಗಲಿಲ್ಲ. ಅಮ್ಮ ಹೋದ ಮೇಲೆ ನನ್ನ ತಲೆಗೆ ಬೇರೆ ಯಾರೂ ಎಣ್ಣೆ ಹಚ್ಚಿರಲಿಲ್ಲ ಅಪ್ಪಾ. ನಿಮ್ಮೆದುರು ಹೇಳೋಕೆ ಗಂಟಲು ಕಟ್ಟುತ್ತದೆ, ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ.

ಗಣೇಶನ ಹಬ್ಬಕ್ಕೆ ಕಡುಬು ಮಾಡಿ ತಂದುಕೊಟ್ಟ ಪಕ್ಕದ ಮನೆ ಅಕ್ಕನಿಗೆ, ನನ್ನ ಪಾಲಿನ ಕೆಲಸ ಹಂಚಿಕೊಂಡ ಆಫೀಸಿನ ಗೆಳತಿಯರಿಗೆ, ಬಾಗಿದ ಗೇರ್ ಹ್ಯಾಂಗರ್ ಬದಲಾಯಿಸಿ ಬಿಲ್ಲನ್ನೇ ಕೊಡದ ಸೈಕಲ್ ಅಂಗಡಿಯವರಿಗೆ ತುಂಬಾ ಥ್ಯಾಂಕ್ಸ್. ಫಿಸಿಯೋಥೆರಪಿ ಮಾಡಿಸಿದ ಹುಡುಗನಿಗೂ. ಪ್ಲಾಸ್ಟರ್ ಬಿಚ್ಚಿದಾಗ ಕೈ ಕಡ್ಡಿಯಾಗಿತ್ತು, ಲೋಟ ಹಿಡಿಯೋಕೂ ಬರುತ್ತಿರಲಿಲ್ಲ. ಅಕ್ಕಿ ತುಂಬಿದ ಪಾತ್ರೆಯಲ್ಲಿ ಕೈ ಹೂತು ಮುಷ್ಟಿ ಬಿಗಿಯೋದು, ಒದ್ದೆ ಬಟ್ಟೆ ಹಿಂಡೋದು, ದಿನಕ್ಕೆ ಮೂರು ಸಲ. ಒಂದು ದಿನ ತಪ್ಪಿಸಿದರೂ ಅವನಿಗೆ ಗೊತ್ತಾಗುತ್ತಿತ್ತು.

ಇನ್ನು ಆ ಹಿರಿಯರು. ಗಡಿಬಿಡಿಯಲ್ಲಿ ಹೆಸರು ಕೇಳಲಿಲ್ಲ, ನಂಬರೂ ತೆಗೆದುಕೊಳ್ಳಲಿಲ್ಲ. ಎಳನೀರು ಅಣ್ಣನನ್ನು ಕೇಳಿದರೆ "ಬರ್ತಿರ್ತಾರೆ, ಈ ಚಳಿಗೆ ಕಮ್ಮಿ ಆಗಿರಬೇಕು" ಅಂದರು. ಸರ್, ನಿಮ್ಮ ಟವೆಲ್ ಒಗೆದು, ಇಸ್ತ್ರಿ ಮಾಡಿ, ಒಂದು ಕವರಿನಲ್ಲಿ ಹಾಕಿಟ್ಟಿದ್ದೇನೆ. ನಿಮಗೆ ಪರಿಚಯ ಇರುವವರು ಯಾರಾದರೂ ಇದನ್ನು ಓದಿದರೆ ದಯವಿಟ್ಟು ತಿಳಿಸಿ. ಈ ತಿಂಗಳ ಎಲ್ಲಾ ಭಾನುವಾರ ಬೆಳಿಗ್ಗೆ ಏಳಕ್ಕೆ ಆ ಎಳನೀರು ಗಾಡಿ ಹತ್ತಿರ ಇರುತ್ತೇನೆ. ಅಪ್ಪನೂ ಬರುತ್ತಾರೆ, ನಿಮ್ಮನ್ನು ನೋಡಬೇಕಂತೆ.