ನಮ್ಮ ಕೆಲಸಕ್ಕೆ ಲೈಸೆನ್ಸಿನಲ್ಲಿ ಅದರದ್ದೇ ಹೆಸರು ಕೊಡಿಸಿ: ತುಮಕೂರು ನಗರದ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ನಾನು ತುಮಕೂರಿನವಳೇ. ಎಸ್.ಎಸ್. ಪುರಂ ಕಡೆ ಒಂದು ಚಿಕ್ಕ ಚಿಕಿತ್ಸಾ ಕೇಂದ್ರದಲ್ಲಿ ಹನ್ನೊಂದು ವರ್ಷದಿಂದ ಮಸಾಜ್ ಮಾಡುವ ಕೆಲಸದಲ್ಲಿದ್ದೇನೆ. ಪಂಚಕರ್ಮದ ಕೋರ್ಸ್ ಮಾಡಿ, ಸರ್ಟಿಫಿಕೇಟ್ ಪಡೆದು ಬಂದವಳು. ಆದರೂ ಈ ಪತ್ರಕ್ಕೆ ಹೆಸರು ಹಾಕುತ್ತಿಲ್ಲ. ನನ್ನ ಮಗಳು ಒಂಬತ್ತನೇ ಕ್ಲಾಸಿನಲ್ಲಿದ್ದಾಳೆ. ನಿಮ್ಮಮ್ಮ ಏನು ಕೆಲಸ ಮಾಡ್ತಾರೆ ಅಂತ ಯಾರಾದರೂ ಕೇಳಿದರೆ "ಆಸ್ಪತ್ರೇಲಿ" ಅಂತ ಹೇಳು ಎಂದು ನಾನೇ ಅವಳಿಗೆ ಕಲಿಸಿದ್ದೇನೆ. ಮಗಳಿಗೆ ಸುಳ್ಳು ಕಲಿಸುವ ಹಾಗೆ ಯಾಕಾಯಿತು ಅನ್ನುವುದನ್ನು ನಿಮಗೆ ತಿಳಿಸಬೇಕು.

ನಮ್ಮ ಬೋರ್ಡಿನ ಮೇಲೆ ಫೋನ್ ನಂಬರ್ ಇದೆ. ದಿನಕ್ಕೆ ಎರಡು ಮೂರು ಸಲವಾದರೂ ಅಪರಿಚಿತ ಗಂಡಸರ ಕರೆ ಬರುತ್ತದೆ. ಮೊದಲ ಪ್ರಶ್ನೆ, "ಲೇಡೀಸ್ ಮಾಡ್ತಾರಾ?" ಎರಡನೆಯದು, "ಎಕ್ಸ್‌ಟ್ರಾ ಸರ್ವೀಸ್ ಇದೆಯಾ?" ಶುರುವಿನಲ್ಲಿ ನನಗೆ ಕೈ ನಡುಗುತ್ತಿತ್ತು. ಈಗ ಒಂದೇ ಮಾತು ಹೇಳುತ್ತೇನೆ: "ಇಲ್ಲಿ ಚಿಕಿತ್ಸೆ ಮಾತ್ರ." ಫೋನ್ ಇಟ್ಟು ಮತ್ತೆ ಎಣ್ಣೆ ಬಿಸಿ ಮಾಡಲು ಹೋಗುತ್ತೇನೆ.

ಒಳಗೆ ಕಾಯುತ್ತಿರುವವರು ಯಾರು ಗೊತ್ತಾ ಸರ್? ಹುಣಸೆಹಣ್ಣು ಬಡಿದು ಬೀಜ ತೆಗೆಯುವ ಹೆಂಗಸರು. ಸೀಸನ್ನಿನಲ್ಲಿ ಬೆಳಗಿಂದ ಸಂಜೆವರೆಗೆ ಒಂದೇ ಕೈ ಎತ್ತಿ ಇಳಿಸಿ, ಎತ್ತಿ ಇಳಿಸಿ, ಬಲಭುಜದ ಹಿಂದೆ ಕಲ್ಲಿನಂಥ ಗಂಟು ಕಟ್ಟಿರುತ್ತದೆ. ಗುಬ್ಬಿ ಕಡೆಯಿಂದ ಅಡಿಕೆ ಸುಲಿಯುವವರು ಬರುತ್ತಾರೆ. ಗಾರ್ಮೆಂಟ್ಸಿನಲ್ಲಿ ಕತ್ತು ಬಗ್ಗಿಸಿ ಹೊಲಿಯುವ ಹುಡುಗಿಯರು ಬರುತ್ತಾರೆ. ದಿನಾ ರೈಲಿನಲ್ಲಿ ಬೆಂಗಳೂರಿಗೆ ಓಡಾಡುವವರು ಸೊಂಟ ಹಿಡಿದುಕೊಂಡು ಬರುತ್ತಾರೆ. ಬಾಣಂತಿಯರಿಗೆ ಎಣ್ಣೆ ತಿಕ್ಕಲು ಮನೆಗಳಿಗೂ ಹೋಗುತ್ತೇನೆ. ನೋವು ಸ್ವಲ್ಪ ಇಳಿದ ಮೇಲೆ ಒಬ್ಬ ಅಜ್ಜಿ ನನ್ನ ಎರಡೂ ಕೈ ಹಿಡಿದು "ನಿನ್ ಕೈ ತಣ್ಣಗಿರ್ಲಿ ಕಣವ್ವ" ಅಂದಿದ್ದರು. ಅವತ್ತು ಮನೆಗೆ ನಡೆದುಕೊಂಡೇ ಹೋದೆ, ಬಸ್ಸು ಹತ್ತುವುದೇ ಮರೆತುಹೋಗಿತ್ತು.

ಈ ಕೆಲಸಕ್ಕೆ ಕಟ್ಟುನಿಟ್ಟು ಇದೆ. ನಮ್ಮಲ್ಲಿ ಹೆಂಗಸರಿಗೆ ನಾನು, ಗಂಡಸರಿಗೆ ನನ್ನ ಜೊತೆ ಕೆಲಸ ಮಾಡುವ ತಮ್ಮನಂಥ ಹುಡುಗ. ಮೈಮೇಲೆ ಶೀಟು ಹೊದಿಸಿರುತ್ತೇವೆ. ಯಾವ ಭಾಗಕ್ಕೆ ಎಣ್ಣೆ ಹಚ್ಚುತ್ತೇವೋ ಅಷ್ಟನ್ನು ಮಾತ್ರ ತೆಗೆದು, ಮುಗಿದ ತಕ್ಷಣ ಮುಚ್ಚುತ್ತೇವೆ. ಮುಟ್ಟುವ ಮೊದಲು ಕೇಳುತ್ತೇವೆ. ಬೇಡ ಅಂದರೆ ನಿಲ್ಲಿಸುತ್ತೇವೆ. ಆ ಕೋಣೆಯಲ್ಲಿ ಲೈಂಗಿಕವಾದ ಯಾವುದಕ್ಕೂ ಜಾಗವಿಲ್ಲ. ಬಂದವರು ಒಪ್ಪಿದರೂ ಇಲ್ಲ, ದುಡ್ಡು ಜಾಸ್ತಿ ಕೊಟ್ಟರೂ ಇಲ್ಲ. ಯಾಕೆಂದರೆ ನೋವಿರುವ ಮನುಷ್ಯ ಬಟ್ಟೆ ತೆಗೆದು, ಕಣ್ಣು ಮುಚ್ಚಿ, ನಮ್ಮನ್ನು ನಂಬಿ ಮಲಗಿರುತ್ತಾನೆ.

ಯಾರಿಗೆ ಮಾಡಬಾರದು ಅನ್ನುವುದೂ ಗೊತ್ತಿರಬೇಕು. ಎರಡು ವರ್ಷದ ಹಿಂದೆ ಒಬ್ಬರು ಕಾಲು ಒತ್ತಿಸಿಕೊಳ್ಳಲು ಬಂದರು. ಒಂದೇ ಕಾಲಿನ ಮೀನಖಂಡ ಊದಿತ್ತು, ಮುಟ್ಟಿದರೆ ಬಿಸಿ. ನಾನು ಒತ್ತಲಿಲ್ಲ. ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದರೆ ಒತ್ತಿದಾಗ ಅದು ಕಳಚಿ ಶ್ವಾಸಕೋಶಕ್ಕೆ ಹೋಗಬಹುದು, ಜೀವವೇ ಹೋಗಬಹುದು. ತಕ್ಷಣ ಡಾಕ್ಟರ ಹತ್ತಿರ ಕಳಿಸಿದೆ. ಇಷ್ಟು ತಿಳಿವಳಿಕೆ ಬೇಕಾದ ಕೆಲಸ ಇದು.

ನಮ್ಮದೇ ಜಿಲ್ಲೆಯ ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. ತುಮಕೂರು ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟ್ ಕೊಟ್ಟಿತ್ತು. ಬರೀ ಕೈಯಿಂದ ಸಾವಿರಾರು ಹೆರಿಗೆ ಮಾಡಿಸಿದ ತಾಯಿ ಅವರು. ಕೈಯ ಕೆಲಸವನ್ನು ಗೌರವಿಸುವುದು ಈ ಜಿಲ್ಲೆಗೆ ಗೊತ್ತಿದೆ. ಆದರೂ ನನ್ನ ಜೊತೆಗಿರುವ ಹುಡುಗನಿಗೆ ಎರಡು ಸಂಬಂಧ ತಪ್ಪಿಹೋದವು. ಹುಡುಗ ಮಸಾಜ್ ಮಾಡ್ತಾನಂತೆ ಅಂದ ಕೂಡಲೇ ಹೆಣ್ಣಿನ ಕಡೆಯವರು ಮತ್ತೆ ಫೋನ್ ಮಾಡಲಿಲ್ಲ.

ಈಗ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಆ ಕರೆಗಳಿಗೆ ನಾನು ಮೊದಲೆಲ್ಲ ಬೇರೆ ಉತ್ತರ ಕೊಡುತ್ತಿದ್ದೆ. "ನಾವು ಅಂಥೋರಲ್ಲ, ಫೋನ್ ಇಡಿ" ಅನ್ನುತ್ತಿದ್ದೆ. ಒಂದು ದಿನ ಬೆನ್ನುನೋವಿನ ಒಬ್ಬಳಿಗೆ ಮಾಡುತ್ತಿರುವಾಗಲೇ ಫೋನ್ ಬಂತು. ಸ್ಪೀಕರ್ ಒತ್ತಿ, ಒಂದು ಕೈ ಅವಳ ಬೆನ್ನ ಮೇಲಿಟ್ಟುಕೊಂಡೇ ಅದೇ ಮಾತು ಹೇಳಿದೆ. ನನ್ನ ಅಂಗೈ ಕೆಳಗೆ ಅವಳ ಬೆನ್ನು ಬಿಗಿಯಾಯಿತು. ಅರ್ಧ ಗಂಟೆಯಿಂದ ಸಡಿಲ ಮಾಡಿದ್ದೆಲ್ಲ ಒಂದೇ ಕ್ಷಣಕ್ಕೆ ವಾಪಸ್ ಬಂತು. ಎದ್ದು ಕೂತ ಮೇಲೆ ಮೆಲ್ಲಗೆ ಹೇಳಿದಳು, "ಅಂಥೋರು ಅಂದ್ರೆ ನಾನೇ ಅಕ್ಕ. ಇಲ್ಲಿ ಬೆನ್ನುನೋವಿಗೆ ಬಂದಿದ್ದೀನಿ ಅಷ್ಟೇ."

ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವಂಥದ್ದು ಬೇರೇನೂ ಬರೆಯುವುದಿಲ್ಲ. ಅವತ್ತಿನಿಂದ ಆ ಮಾತು ಬಿಟ್ಟೆ. ಅವಳ ಕೆಲಸ ಬೇರೆ, ನನ್ನ ಕೆಲಸ ಬೇರೆ. ಎರಡೂ ಒಂದೇ ಅಲ್ಲ ಎಂದು ಹೇಳಲು ಅವಳನ್ನು ಕೀಳು ಮಾಡಬೇಕಾಗಿಲ್ಲ. ನಮ್ಮ ಸಂಘದವರು, ಸ್ಪಾ ನಡೆಸುವವರು ನಿಮ್ಮ ಹತ್ತಿರ ಬಂದು "ಅಂಥವರನ್ನು ಊರು ಬಿಡಿಸಿ, ನಮ್ಮ ಹೆಸರು ಉಳಿಸಿ" ಎಂದು ಕೇಳಬಹುದು. ನಾನು ಅದನ್ನು ಕೇಳುತ್ತಿಲ್ಲ.

ಕಾನೂನಿನ ಮುಖ್ಯ ಗುರಿಯೂ ಅವರಲ್ಲ. 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆ ಮುಖ್ಯವಾಗಿ ಹಿಡಿಯಬೇಕೆಂದಿರುವುದು ವೇಶ್ಯಾಗೃಹ ನಡೆಸುವವರನ್ನು, ಹೆಣ್ಣುಮಕ್ಕಳನ್ನು ಸಾಗಿಸುವವರನ್ನು, ಅವರ ದುಡಿಮೆಯಲ್ಲಿ ಬದುಕುವವರನ್ನು. ವಯಸ್ಕರು ತಮ್ಮ ಇಷ್ಟದಿಂದ ಮಾಡುವ ಲೈಂಗಿಕ ವೃತ್ತಿ ಅಪರಾಧವಲ್ಲ, ದಾಳಿಯ ಹೊತ್ತಿನಲ್ಲಿ ಆ ಹೆಂಗಸರನ್ನು ಬಂಧಿಸಬಾರದು ಎಂದು ಸುಪ್ರೀಂ ಕೋರ್ಟೇ ನೇಮಿಸಿದ್ದ ಸಮಿತಿ ಶಿಫಾರಸು ಮಾಡಿತ್ತು. 2022ರ ಮೇ 19ರಂದು ಕೋರ್ಟ್ ಆದೇಶಿಸಿದೆ: ಪೊಲೀಸರು ಅವರನ್ನು ಗೌರವದಿಂದ ನಡೆಸಿಕೊಳ್ಳಬೇಕು, ಬೈಯಬಾರದು, ಹಿಂಸಿಸಬಾರದು, ದಾಳಿಯ ಹೊತ್ತಿನಲ್ಲಿ ಅವರ ಫೋಟೋ, ಗುರುತು ಹೊರಗೆ ಬರಬಾರದು. ಆದರೆ ಸ್ಪಾ ಮೇಲೆ ದಾಳಿ ಆದಾಗಲೆಲ್ಲ ಟಿವಿಯಲ್ಲಿ ಏನು ಕಾಣುತ್ತದೆ? ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಓಡುವ ಹುಡುಗಿಯರು. ಕೆಳಗೆ "ರಕ್ಷಣೆ" ಅಂತ ಬರೆದಿರುತ್ತದೆ. ಆ ಹುಡುಗಿಯರಲ್ಲಿ ಬಲವಂತಕ್ಕೆ ಸಿಕ್ಕವರು ಇರಬಹುದು, ಚಿಕ್ಕ ವಯಸ್ಸಿನವರು ಇರಬಹುದು. ಅವರನ್ನು ಖಂಡಿತ ಬಿಡಿಸಬೇಕು, ತಂದು ಕೂಡಿಹಾಕಿದವರನ್ನು ಜೈಲಿಗೆ ಹಾಕಬೇಕು. ಕ್ಯಾಮೆರಾ ಮುಂದೆ ಓಡಿಸುವುದು ರಕ್ಷಣೆ ಹೇಗಾಗುತ್ತದೆ? ಅಂಥ ಸುದ್ದಿ ಬಂದ ವಾರ ನಮ್ಮಲ್ಲಿಗೆ ಬರುವ ಹುಣಸೆಹಣ್ಣಿನ ಹೆಂಗಸರೂ ಬರುವುದಿಲ್ಲ. ಮನೆಯವರು ಕಳಿಸುವುದಿಲ್ಲ.

ಮಸಾಜ್ ಕೋಣೆಯೊಳಗೆ ಸಿಸಿಟಿವಿ ಇಡಿಸಿ ಅಂತಲೂ ಕೆಲವರು ಹೇಳುತ್ತಾರೆ. ದಯವಿಟ್ಟು ಒಪ್ಪಬೇಡಿ. ಬಟ್ಟೆ ತೆಗೆದು ಮಲಗಿರುವ ಹೆಂಗಸಿನ ಮೇಲೆ ಕ್ಯಾಮೆರಾನಾ? 2022ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟಿನ ಮಧುರೈ ಪೀಠ ಇದು ಮನುಷ್ಯರ ಖಾಸಗಿತನಕ್ಕೆ ಧಕ್ಕೆ ಎಂದು ಹೇಳಿದೆ.

ನೀವು ಮಾಡಿಸಬಹುದಾದ ಕೆಲಸ ಇದೆ. ಮೊದಲನೆಯದು ಲೈಸೆನ್ಸ್. ಉದ್ದಿಮೆ ಪರವಾನಗಿಗೆ ಹೋದಾಗ ಕಚೇರಿಯಲ್ಲಿ ನಮ್ಮ ಕೆಲಸಕ್ಕೆ ಕಾಲಮ್ಮೇ ಇಲ್ಲ ಅಂದರು. "ಬ್ಯೂಟಿ ಪಾರ್ಲರ್ ಅಂತ ಹಾಕ್ಕೊಡ್ತೀವಿ ತಗೋಳಿ" ಅಂದರು. ಐಬ್ರೋ ಮಾಡದ ನಾವು ಬ್ಯೂಟಿ ಪಾರ್ಲರ್ ಆದೆವು. ಮಸಾಜ್ ಚಿಕಿತ್ಸೆ ಅಂತಲೇ ಒಂದು ವಿಭಾಗ ಮಾಡಿಸಿ. ಅದಕ್ಕೆ ಷರತ್ತು ಹಾಕಿ: ಕೋರ್ಸ್ ಮಾಡಿದವರೇ ಇರಬೇಕು, ಸರ್ಟಿಫಿಕೇಟ್ ಗೋಡೆ ಮೇಲೆ ಕಾಣಬೇಕು, ಕೋಣೆಯಲ್ಲಿ ಲೈಂಗಿಕ ಸೇವೆ ಇಲ್ಲ ಎಂದು ಬೋರ್ಡ್ ಇರಬೇಕು, ಬಂದವರ ಆರೋಗ್ಯದ ವಿವರ ಬರೆದಿಟ್ಟು ಗುಟ್ಟಾಗಿ ಕಾಪಾಡಬೇಕು. ಪರಿಶೀಲನೆಗೆ ಅಧಿಕಾರಿಗಳು ಬರಲಿ, ಸ್ವಾಗತ. ಹೆಂಗಸರ ಕೋಣೆಗೆ ಮಹಿಳಾ ಸಿಬ್ಬಂದಿ ಬರಲಿ, ಜೊತೆಗೆ ಕ್ಯಾಮೆರಾದವರು ಬೇಡ.

ಇನ್ನೊಂದು, ನಮ್ಮಂಥವರ ದೂರು ಕೇಳುವ ಜಾಗ. ಹೆಂಗಸಿನ ಹತ್ತಿರ ಲೈಂಗಿಕ ಬೇಡಿಕೆ ಇಡುವುದು ಭಾರತೀಯ ನ್ಯಾಯ ಸಂಹಿತೆಯ 75ನೇ ಕಲಂ ಪ್ರಕಾರ ಅಪರಾಧ, ಮೂರು ವರ್ಷದವರೆಗೆ ಜೈಲು. 2013ರ ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಪ್ರಕಾರ ಹತ್ತಕ್ಕಿಂತ ಕಡಿಮೆ ಜನ ಇರುವ ಕಡೆಯವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಮಾಲೀಕರೇ "ಕಸ್ಟಮರ್ ಹೇಳಿದ ಹಾಗೆ ಕೇಳು" ಅಂದರೂ ಅಲ್ಲಿಗೆ ಹೋಗಬಹುದು. ನನ್ನ ಜೊತೆ ಕೋರ್ಸ್ ಮಾಡಿದ ಒಬ್ಬ ಹುಡುಗಿ ಬೆಂಗಳೂರಿನಲ್ಲಿ ಇದೇ ಮಾತು ಕೇಳಿ, ಒಂದು ತಿಂಗಳ ಸಂಬಳ ಬಿಟ್ಟು ರಾತ್ರಿ ಬಸ್ಸಿಗೆ ಊರಿಗೆ ಬಂದಳು. ಅಂಥ ಸಮಿತಿ ಇದೆ ಅಂತಲೇ ಅವಳಿಗೆ ಗೊತ್ತಿರಲಿಲ್ಲ. ಆ ಸಮಿತಿಯ ವಿಳಾಸ, ಫೋನ್ ನಂಬರ್ ಪ್ರತಿ ಸ್ಪಾ, ಪಾರ್ಲರ್, ಮಸಾಜ್ ಕೇಂದ್ರದ ಲೈಸೆನ್ಸ್ ಹಾಳೆಯ ಮೇಲೆಯೇ ಅಚ್ಚು ಹಾಕಿಸಿ. ಖರ್ಚು ಒಂದು ಸಾಲಿನ ಶಾಯಿಯಷ್ಟೇ.

ಮಾರ್ಚ್ 31ಕ್ಕೆ ನಮ್ಮ ಪರವಾನಗಿ ಮುಗಿಯುತ್ತದೆ. ಅಷ್ಟರೊಳಗೆ ಈ ವಿಭಾಗದ ಬಗ್ಗೆ ಪಾಲಿಕೆಯ ಅಧಿಕಾರಿಗಳ ಜೊತೆ ಒಂದು ಸಭೆ ಕರೆಯಿರಿ. ಸೋಮವಾರ ನಮಗೆ ರಜ. ಯಾವ ಸೋಮವಾರ ಕರೆದರೂ ನಾನು ಮತ್ತು ನನ್ನ ಜೊತೆಗಿರುವ ಹುಡುಗ ಸರ್ಟಿಫಿಕೇಟ್, ಹಳೆಯ ಲೈಸೆನ್ಸ್ ಎರಡನ್ನೂ ಹಿಡಿದುಕೊಂಡು ಬರುತ್ತೇವೆ. ಅಲ್ಲಿ ನನ್ನ ಹೆಸರನ್ನೂ ಹೇಳುತ್ತೇನೆ.

ಇಂತಿ ನಿಮ್ಮ ಕ್ಷೇತ್ರದ
ಒಬ್ಬ ಮಸಾಜ್ ಥೆರಪಿಸ್ಟ್, ತುಮಕೂರು