ಅಮ್ಮ, ಆ ಫೋಟೋ ವಿಷ್ಯ

ಹಿಕರಿ, ನಾರ್ತ್ ಕ್ಯಾರೊಲೈನಾ
ಅಕ್ಟೋಬರ್ 24, 2023

ಅಮ್ಮ,

ಫೋನಲ್ಲಿ ಎಲ್ಲಾ ಹೇಳೋಕ್ಕಾಗ್ಲಿಲ್ಲ, ನೀನು ಅಳೋಕೆ ಶುರು ಮಾಡಿದ್ಮೇಲೆ ನಂಗೂ ಮಾತು ಹೊರಡ್ಲಿಲ್ಲ, ಅದಕ್ಕೇ ಬರೀತಿದ್ದೀನಿ. ತಮ್ಮಂಗೆ ಕಳಿಸ್ತೀನಿ, ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ಕೊಡ್ತಾನೆ, ಕನ್ನಡಕ ಹಾಕ್ಕೊಂಡು ನಿಧಾನಕ್ಕೆ ಓದು. ಅಪ್ಪ ಪಕ್ಕದಲ್ಲಿ ಪೇಪರ್ ಓದೋ ಹಾಗೆ ಕೂತಿರ್ತಾರಲ್ಲ, ಅವರಿಗೂ ಕೇಳಿಸೋ ಹಾಗೆ ಓದು.

ಬೆಳಿಗ್ಗೆ ಬೇಗ ಎದ್ದು ಕಾಫಿ ಲೋಟ ಹಿಡ್ಕೊಂಡು ಯೂಟ್ಯೂಬಲ್ಲಿ ಜಂಬೂಸವಾರಿ ನೋಡ್ದೆ. ಅಭಿಮನ್ಯು ಏನು ಗತ್ತಮ್ಮ ಅವಂದು! ಅಂದ್ಹಾಗೆ ಕಾಫಿ ಈಗ ಕಾಫಿ ಥರಾನೇ ಇದೆ. ಬೇಸಿಗೆ ಪೂರ್ತಿ ಬಾಯಲ್ಲಿ ತುಕ್ಕು ಹಿಡಿದ ಮೊಳೆ ಇಟ್ಕೊಂಡ ಹಾಗಿತ್ತು, ನೀನು ಕಳಿಸಿದ್ದ ನಿಂಬೆಕಾಯಿ ಉಪ್ಪಿನಕಾಯಿ ಒಂದೇ ನಾಲಿಗೆಗೆ ಗೊತ್ತಾಗ್ತಿದ್ದಿದ್ದು.

ಈಗ ಫೋಟೋ ವಿಷ್ಯಕ್ಕೆ ಬರ್ತೀನಿ. ಹೆಲ್ಮೆಟ್ ತೊಡೆ ಮೇಲಿಟ್ಕೊಂಡು ಬೋಳು ತಲೇಲಿ ಬೈಕ್ ಮೇಲೆ ಕೂತು ಹಲ್ಲು ಕಿರಿದಿರೋದನ್ನ ಫ್ಯಾಮಿಲಿ ಗ್ರೂಪಿಗೆ ಹಾಕಿದ್ದು ನಾನೇ, ಇವರಲ್ಲ, ಅಳಿಯಂದಿರನ್ನ ಬೈಬೇಡ. ನೀನು ಎಲ್ಲರ ಹತ್ರ ನನ್ನ ಕ್ಯಾನ್ಸರ್ ವಿಷ್ಯ ಮುಚ್ಚಿಟ್ಟು ಏನೋ ಸಣ್ಣ ಆಪರೇಷನ್ ಅಂತ ಹೇಳಿಟ್ಟಿದ್ದೆ ಅನ್ನೋದು ನಂಗೆ ಗೊತ್ತಿರ್ಲಿಲ್ಲ. ಚಿಕ್ಕಮ್ಮ ಫೋನ್ ಮಾಡಿ "ಯಾಕೇ ನನ್ ಹತ್ರಾನೂ ಮುಚ್ಚಿಟ್ಟೆ" ಅಂತ ನಿನ್ನ ಕೇಳಿದ್ರಂತೆ, ಅದಕ್ಕೆ ಸಾರಿ. ಆದ್ರೆ ನಿಂಗೆ ಹೊಟ್ಟೆ ಉರಿದಿದ್ದು ಅದಕ್ಕಲ್ಲ ಅಂತಾನೂ ಗೊತ್ತು. ಆ ತಲೆ ನೋಡಿ ನಿಂಗೆ ನಿನ್ನಜ್ಜಿ ನೆನಪಾದ್ರು, ಗಂಡ ಹೋದ್ಮೇಲೆ ತಲೆ ಬೋಳಿಸ್ಕೊಂಡು ಕೆಂಪು ಸೀರೆ ಸೆರಗು ತಲೆ ತುಂಬ ಹೊದ್ಕೊಂಡು ಅಡುಗೆಮನೆ ಮೂಲೇಲಿ ಕೂತಿರ್ತಿದ್ರಲ್ಲ, ನೀನು ಬಾಯಿಬಿಟ್ಟು ಹೇಳ್ಲಿಲ್ಲ ಅಷ್ಟೆ. ಆ ಫೋಟೋನ ಇನ್ನೊಂದು ಸಲ ತೆಗೆದು ನೋಡಮ್ಮ, ನನ್ನ ಮುಂದೆ ಹ್ಯಾಂಡಲ್ ಹಿಡ್ಕೊಂಡು ಕಾಲೂರಿ ನಿಂತಿರೋರು ಯಾರು ಅಂತ. ಹಣೇಲಿ ಕುಂಕುಮಾನೂ ಇದೆ, ಬೆವರಿಗೆ ಸ್ವಲ್ಪ ಇಳಿದಿದೆ ಅಷ್ಟೆ.

ಬೈಕ್ ಶುರುವಾಗಿದ್ದು ಹೇಗೆ ಅಂತ ಹೇಳ್ತೀನಿ. ಫೆಬ್ರವರೀಲಿ ರಿಪೋರ್ಟ್ ಬಂತಲ್ಲ, ಆಮೇಲೆ ಈ ಮನೇಲಿ ನಾವಿಬ್ರೂ ಮುಖ ಕೊಟ್ಟು ಮಾತಾಡೋದೇ ನಿಂತ್ಹೋಯ್ತು. ಜಗಳ ಅಲ್ಲ. ಇವರು ನನ್ನ ನೋಡಿದ ಕೂಡ್ಲೇ ಜ್ವರ ಇದ್ಯಾ, ತಿಂದ್ಯಾ, ಮಾತ್ರೆ ತಗೊಂಡ್ಯಾ, ನಾನು ಇವರನ್ನ ನೋಡಿದ ಕೂಡ್ಲೇ ಪಾಪ ಎಷ್ಟು ಸೊರಗಿದ್ದಾರೆ ಅಂತ, ಹೀಗೆ ಒಬ್ಬರ ಮುಖದಲ್ಲಿ ಒಬ್ರು ಖಾಯಿಲೇನೇ ಹುಡುಕ್ತಿದ್ವಿ. ಕೀಮೋ ಮೊದಲ ನಾಲ್ಕು ಎರಡು ವಾರಕ್ಕೊಂದು ಸಲ. ಅದರಲ್ಲೊಂದು ಕೆಂಪು ಔಷಧಿ, ರೂಹ್ ಅಫ್ಜಾ ಬಣ್ಣ, ಅದನ್ನ ಡ್ರಿಪ್ಪಲ್ಲಿ ಬಿಡಲ್ಲ, ನರ್ಸ್ ಗೌನು ಗ್ಲೌಸು ಎಲ್ಲಾ ಹಾಕ್ಕೊಂಡು ಎದುರಿಗೆ ಕೂತು ದಪ್ಪ ಸಿರಿಂಜಲ್ಲಿ ಕೈಯಲ್ಲೇ ತಳ್ತಾರೆ, ಕಾಲರ್‌ಬೋನ್ ಕೆಳಗೆ ಚರ್ಮದೊಳಗೆ ಕೂರಿಸಿರೋ ಪೋರ್ಟ್ ಮೂಲಕ. ಆಮೇಲೆ ತೋಳಿಗೆ ಒಂದು ಸಣ್ಣ ಡಬ್ಬಿ ಅಂಟಿಸಿ ಕಳಿಸ್ತಾರೆ, ಸುಮಾರು 27 ಗಂಟೆ ಆದ್ಮೇಲೆ ಅದೇ ತಾನಾಗಿ ಇಂಜೆಕ್ಷನ್ ಕೊಟ್ಕೊಳುತ್ತೆ, ಬಿಳಿ ರಕ್ತಕಣ ಏರ್ಲಿ ಅಂತ. ಮೊದಲ ವಾರ ಹಾಸಿಗೆ, ಎರಡನೇ ವಾರದ ಕೊನೇಲಿ ಮನುಷ್ಯಳಾಗ್ತಿದ್ದೆ, ಆಗಿ ಮೂರ್ನಾಲ್ಕು ದಿನಕ್ಕೆ ಮತ್ತೆ ಕೆಂಪು ಸಿರಿಂಜು.

ಹಾಗೆ ಮನುಷ್ಯಳಾಗಿದ್ದ ಒಂದು ಶನಿವಾರ ಇವರು ಗ್ಯಾರೇಜಲ್ಲಿ ಬೈಕ್ ಒರೆಸ್ತಿದ್ರು, ಓಡಿಸೋಕಲ್ಲ, ಸುಮ್ನೆ, ಕೈಗೆ ಏನಾದ್ರೂ ಬೇಕಿತ್ತು ಅವರಿಗೆ. ನಾನೇ ಹೇಳ್ದೆ, ಒಂದು ರೌಂಡ್ ಕರ್ಕೊಂಡು ಹೋಗಿ ಅಂತ. ಬೇಡ ಅಂದ್ರು. ಸೋಮವಾರ ಡಾಕ್ಟರಮ್ಮನ ಕೇಳಿದ್ವಿ, ಅವರೂ ಒಳ್ಳೇ ಐಡಿಯಾ ಅಂತೇನೂ ಹೇಳ್ಲಿಲ್ಲ. ಪ್ಲೇಟ್‌ಲೆಟ್ ಕಮ್ಮಿ ಇದ್ರೆ ಖಂಡಿತ ಇಲ್ಲ, ಕೌಂಟ್ ನೋಡಿ ನಾನು ಹೂಂ ಅಂದ ವಾರ ಮಾತ್ರ, ಜ್ವರ 100.4 ದಾಟಿದ್ರೆ ಎಲ್ಲಿದ್ರೂ ವಾಪಸ್ ಬರ್ಬೇಕು, ಬಿದ್ರೆ ಮಾತ್ರ ನನ್ನ ಹೆಸರು ಹೇಳ್ಬೇಡಿ ಅಂದ್ರು. ಅವತ್ತಿಂದ ಟ್ಯಾಂಕ್ ಮೇಲಿನ ಬ್ಯಾಗಲ್ಲಿ ಮೊದಲು ಥರ್ಮಾಮೀಟರು, ಆಮೇಲೆ ನೀರು.

ಬೈಕ್ ಯಾವುದು ಅಂತ ಅಪ್ಪ ಕೇಳೇ ಕೇಳ್ತಾರೆ. ಅಪ್ಪಾ, ಬೇಜಾರ್ ಮಾಡ್ಕೋಬೇಡಿ, ಎನ್‌ಫೀಲ್ಡು. ಜಾವಾ ಫ್ಯಾಕ್ಟ್ರಿ ಮನೇಲಿ ಹುಟ್ಟಿ ಬುಲೆಟ್ ಕಂಪ್ನಿ ಗಾಡಿ ಹತ್ತಿದ್ಲು ಅಂತ ನೀವು ಅಂದ್ಕೊಳೋದು ಇಲ್ಲಿಗೇ ಕೇಳಿಸ್ತಿದೆ. ಅಲ್ಲಿ ಇಂಟರ್‌ಸೆಪ್ಟರ್ ಅಂತ ಮಾರ್ತಾರಲ್ಲ 650, ಅದೇ, ಇಲ್ಲಿ ಆ ಹೆಸರು ಹೋಂಡಾದವರದ್ದು, ಅದಕ್ಕೆ ಐಎನ್‌ಟಿ ಅಂತ ಮೂರಕ್ಷರ ಹಾಕಿದ್ದಾರೆ. ತಯಾರಾಗೋದು ಚೆನ್ನೈ ಹತ್ರಾನೇ. ನಿಮ್ಮ ಜಾವಾ ಫ್ಯಾಕ್ಟ್ರಿ ಯೆಜ್ಡಿ ಥರ ಒಂದೇ ಲಿವರಲ್ಲಿ ಕಿಕ್ಕೂ ಗೇರೂ ಇಲ್ಲ, ಪೆಟ್ರೋಲಿಗೆ ಆಯಿಲ್ ಬೆರೆಸೋದೂ ಇಲ್ಲ, ಬಟನ್ ಒತ್ತಿದ್ರೆ ಸ್ಟಾರ್ಟು. ಅದು ಗಾಡೀನೇ ಅಲ್ಲ ಅಂತೀರಿ, ಗೊತ್ತು ಬಿಡಿ.

ಹೆಲ್ಮೆಟ್ ಕಥೆ ಕೇಳಮ್ಮ. ಕೂದಲು ಹೋದ್ಮೇಲೆ ನನ್ನ ಹೆಲ್ಮೆಟ್ ಲೂಸಾಗಿ ಗಡಗಡ ಅಂತಿತ್ತು, ಅಷ್ಟೊಂದು ಜಾಗ ಜಡೆಯೇ ತಗೊಂಡಿತ್ತು ಅಂತ ಆಗ್ಲೇ ಗೊತ್ತಾಗಿದ್ದು. ನಿನ್ನ ಹಳೇ ನೀಲಿ ಕಾಟನ್ ಸೀರೆ, ಬಾಣಂತನಕ್ಕೆ ಬಂದಾಗ ಬಿಟ್ಟು ಹೋಗಿದ್ಯಲ್ಲ, ಅದನ್ನ ಹರಿದು ಒಂದು ತುಂಡು ತಲೆಗೆ ಸುತ್ಕೊಂಡು ಮೇಲೆ ಹೆಲ್ಮೆಟ್. ಇನ್ನೊಂದು ತುಂಡು ನಾಲ್ಕು ಮಡಿಕೆ ಮಾಡಿ ಜಾಕೆಟ್ ಒಳಗೆ ಪೋರ್ಟ್ ಮೇಲೆ, ಉಜ್ಜಬಾರ್ದು ಅಂತ. ಬೇಸಿಗೇಲಿ ಎರಡನೇ ಔಷಧಿ ಶುರುವಾದ್ಮೇಲೆ, ಅದು 12 ವಾರ, ವಾರವಾರ, ಬೆರಳ ತುದಿ ಜೋಮು ಹಿಡಿದ ಹಾಗೆ ಮರಗಟ್ಟಿ ಹೆಲ್ಮೆಟ್ ಪಟ್ಟಿ ಹಾಕ್ಕೊಳೋಕೆ ಆಗ್ತಿರ್ಲಿಲ್ಲ. ಗದ್ದದ ಕೆಳಗೆ ಎರಡು ಸಣ್ಣ ಉಂಗುರ ಇರುತ್ತೆ, ಎರಡರೊಳಗೂ ಪಟ್ಟಿ ತೂರಿಸಿ ಒಂದರಿಂದ ವಾಪಸ್ ಎಳೀಬೇಕು. ಇವರೇ ಹಾಕ್ತಿದ್ರು, ಬಗ್ಗಿ, ಉಸಿರು ಬಿಗಿಹಿಡಿದು, ಎರಡು ಬೆರಳು ಒಳಗಿಟ್ಟು ಬಿಗಿ ಸರಿ ಇದ್ಯಾ ಅಂತ ನೋಡಿ. ತಾಳಿಗೆ ಮೂರು ಗಂಟು ಹಾಕೋವಾಗ್ಲೂ ಇಷ್ಟು ಜಾಗ್ರತೆ ಇರ್ಲಿಲ್ಲ ಮಹರಾಯಂಗೆ, ಆಗ ಛತ್ರದ ಅಡುಗೆಯವರ ಕಡೇನೇ ಗಮನ.

ಮೊದಮೊದಲು ಊರೊಳಗೇ 20 ನಿಮಿಷ. ಆಮೇಲೆ ಇಲ್ಲಿಂದ ಒಂದು ಗಂಟೆ ದೂರದ ಬ್ಲೋಯಿಂಗ್ ರಾಕ್, ಅಲ್ಲಿ ಬ್ಲೂ ರಿಡ್ಜ್ ಪಾರ್ಕ್‌ವೇ ಅನ್ನೋ ಬೆಟ್ಟದ ರಸ್ತೆ ಸಿಗುತ್ತೆ. ಚಾರ್ಮಾಡಿ ಘಾಟೀನ ಅಲ್ಲಿ ಇಲ್ಲಿ ಕಡಿದಾದ ತಿರುವೆಲ್ಲ ಇಸ್ತ್ರಿ ಮಾಡಿ, ಲಾರಿ, ಬಸ್ಸು, ಬೋರ್ಡು, ಬೋಂಡದಂಗಡಿ ಎಲ್ಲಾ ತೆಗೆದುಬಿಟ್ಟು, 469 ಮೈಲಿ ಎಳೆದ್ರೆ ಹೇಗಿರುತ್ತೆ, ಹಾಗೆ. ಬೋಂಡ ಇರ್ಬೇಕಿತ್ತು. ಜೋರಾಗಿ ಓಡಿಸೋ ಹಾಗೂ ಇಲ್ಲ, ಗಂಟೆಗೆ 45 ಮೈಲಿ, ನಮ್ಮ 72 ಕಿಲೋಮೀಟರು. 1935ರಲ್ಲಿ ಶುರು ಮಾಡಿ ಮುಗಿಸಿದ್ದು 1987ರಲ್ಲಿ. ಕೊನೆಗೆ ಉಳಿದ ತುಂಡು ನಮಗೆ ಹತ್ರದಲ್ಲೇ ಇದೆ, ಗ್ರ್ಯಾಂಡ್‌ಫಾದರ್ ಅಂತ ಒಂದು ಬೆಟ್ಟ, ನಾವು ಅಜ್ಜನ ಬೆಟ್ಟ ಅಂತೀವಿ. ಬೆಟ್ಟ ಕಡಿಯೋದು ಬೇಡ ಅಂತ ಅದರ ಪಕ್ಕೆಗೆ ಆತುಕೊಂಡ ಹಾಗೆ ಸೇತುವೆ ಕಟ್ಟಿದ್ದಾರೆ, 153 ಕಾಂಕ್ರೀಟ್ ತುಂಡು ಒಂದಕ್ಕೊಂದು ಜೋಡಿಸಿ, ಎಸ್ ಅಕ್ಷರದ ಹಾಗೆ ಬಳುಕುತ್ತೆ. ಆ ತಿರುವಲ್ಲಿ ಬೈಕ್ ಒಂದು ಕಡೆ ವಾಲಿ, ಮತ್ತೆ ಇನ್ನೊಂದು ಕಡೆ ವಾಲುತ್ತೆ, ನಾವಿಬ್ರೂ ಒಟ್ಟಿಗೆ ವಾಲ್ಬೇಕು, ನಾನು ಹೆದರಿ ನೆಟ್ಟಗೆ ಕೂತ್ರೆ ಗಾಡಿ ಮಾತು ಕೇಳಲ್ಲ. ಯಾರೂ ಏನೂ ಹೇಳ್ಬೇಕಾಗಿಲ್ಲ ಅಲ್ಲಿ.

ಅಷ್ಟೇ ಅಮ್ಮ ವಿಷ್ಯ. ಹಿಂದೆ ಕೂತ್ರೆ ನಂಗೆ ಇವರ ಬೆನ್ನು ಮಾತ್ರ ಕಾಣುತ್ತೆ, ಇವರಿಗೆ ನಾನು ಕಾಣೋದೇ ಇಲ್ಲ. ಅಳು ಬಂದ್ರೆ ಅತ್ತುಬಿಡಬಹುದು, ಯಾಕೆ ಏನಾಯ್ತು ಅಂತ ಯಾರೂ ಕೇಳಲ್ಲ. ಎಡಭುಜಕ್ಕೆ ಒಂದು ಸಲ ತಟ್ಟಿದ್ರೆ ನಿಧಾನ, ಎರಡು ಸಲ ತಟ್ಟಿದ್ರೆ ನಿಲ್ಸಿ, ವಾಂತಿ. ಇಷ್ಟೇ ನಮ್ಮ ಭಾಷೆ. ಎದುರಿಂದ ಬರೋ ಬೈಕಿನವರೆಲ್ಲ ಎಡಗೈ ಕೆಳಗೆ ಚಾಚಿ ಎರಡು ಬೆರಳು ತೋರಿಸ್ತಾರೆ, ಅದು ಇಲ್ಲಿ ನಮಸ್ಕಾರ. ಹೆಲ್ಮೆಟ್ ಒಳಗಿನ ತಲೆ ಅವರಿಗೆ ಕಾಣ್ಸಲ್ಲ. ಆಸ್ಪತ್ರೇಲಿ, ಅಂಗಡೀಲಿ, ಮಗನ ಸ್ಕೂಲಲ್ಲಿ ಎಲ್ಲರೂ ತಲೆ ಒಂಚೂರು ಓರೆ ಮಾಡಿ ಹೌ ಆರ್ ಯು ಅಂತ ಕೇಳ್ತಾರಲ್ಲ, ಆ ಓರೆ ಇಲ್ಲ ಈ ಬೈಕಿನವರಲ್ಲಿ. ನಾನೂ ಎರಡು ಬೆರಳು ತೋರಿಸ್ತೀನಿ, ಹಿಂದೆ ಕೂತೋರು ತೋರಿಸ್ಬೇಕಾಗಿಲ್ವಂತೆ, ತೋರಿಸ್ತೀನಿ.

ಬಿದ್ದಿದ್ದೂ ಹೇಳ್ಬಿಡ್ತೀನಿ, ಇನ್ನು ಮುಚ್ಚಿಟ್ಟು ಸಾಕಾಗಿದೆ. ಜೂನಲ್ಲಿ, ಒಂದು ಕೆರೆ ಪಕ್ಕ ನಿಲ್ಲಿಸಿದ್ವಿ. ಗಾಬರಿ ಆಗ್ಬೇಡ, ಗಾಡಿ ಓಡ್ತಿರ್ಲಿಲ್ಲ. ಇಳಿಯೋವಾಗ ಕಾಲು ಮರಗಟ್ಟಿತ್ತಲ್ಲ, ಫುಟ್‌ರೆಸ್ಟ್ ಮೇಲೆ ಪಾದ ಇದ್ಯೋ ಇಲ್ವೋ ಗೊತ್ತಾಗ್ಲಿಲ್ಲ, ಭಾರ ಎಲ್ಲಾ ಒಂದೇ ಕಡೆ ಹಾಕ್ಬಿಟ್ಟೆ. 200 ಕೆಜಿ ಮೇಲಿರೋ ಗಾಡಿ ನಿಧಾನಕ್ಕೆ, ಎಮ್ಮೆ ಮಲಗಿದ ಹಾಗೆ ಮಲಗ್ತು. ನಾನು ಹುಲ್ಲಿನ ಮೇಲೆ ಕೂತ್ಕೊಂಡ ಹಾಗಾಯ್ತು ಅಷ್ಟೆ. ಇವರು ಎತ್ತೋಕೆ ಹೋದ್ರು, ಆಗ್ಲಿಲ್ಲ, ಇನ್ನೊಂದ್ಸಲ ಹೋದ್ರು, ಆಗ್ಲಿಲ್ಲ, ನಾನು ಕೈ ಹಾಕೋಕೆ ಬಂದ್ರೆ ಗದರಿದ್ರು. ಆಮೇಲೆ ಗಾಡಿ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಅಳೋಕೆ ಶುರು ಮಾಡಿದ್ರಮ್ಮ. ಫೆಬ್ರವರಿಯಿಂದ ಒಂದು ಹನಿ ಹಾಕಿರ್ಲಿಲ್ಲ ಆ ಮನುಷ್ಯ. ನಾನು ಬೆನ್ನು ಸವರ್ತಾ ಕೂತೆ. ಮೀನು ಹಿಡಿಯೋಕೆ ಬಂದಿದ್ದ ಅಪ್ಪ ಮಗ ಬಂದು ಎತ್ತಿ ಕೊಟ್ರು. ಮಿರರ್ ಒಂದು ಹೋಗಿತ್ತು. ಅವತ್ತು ರಾತ್ರಿ ಇವರು ಎಷ್ಟೋ ತಿಂಗಳಾದ್ಮೇಲೆ ಗೊರಕೆ ಹೊಡೆದ್ರು, ನಂಗೆ ನಿದ್ದೆ ಇಲ್ಲ, ಆದ್ರೂ ಖುಷಿ.

ಆ ಫೋಟೋ ಆಗಸ್ಟಿಂದು, ಆಪರೇಷನ್ನಿಗೆ ಹತ್ತು ದಿನ ಮುಂಚೆ, ಮೌಂಟ್ ಮಿಚೆಲ್ ಮೇಲೆ. 6,684 ಅಡಿ, ನಮ್ಮ ಮುಳ್ಳಯ್ಯನಗಿರಿಗಿಂತ ಸ್ವಲ್ಪ ಎತ್ತರ, ಮೇಲೆ ಅದೇ ಥರ ಗಾಳಿ, ಅದೇ ಥರ ಮಂಜು ಬಂದು ಹೋಗೋದು. ದಾರೀಲಿ ನಾಲ್ಕೈದು ಸುರಂಗ ಸಿಗುತ್ತೆ, ಒಳಗೆ ಹೋದ ಕೂಡ್ಲೇ ನಾನು ಹೆಲ್ಮೆಟ್ ಒಳಗೆ ಗಟ್ಟಿಯಾಗಿ ಕಿರುಚ್ಕೊಂಡೆ, ಮೊದಲನೇದ್ರಲ್ಲಿ ಇವರು ಹೆದರಿಬಿಟ್ರು, ಎರಡನೇದ್ರಲ್ಲಿ ಅವರೂ ಕಿರುಚಿದ್ರು.

"ಮಗ ಇದ್ದಾನೆ, ಇಬ್ರೂ ಒಟ್ಟಿಗೆ ಒಂದೇ ಗಾಡೀಲಿ ಹೋಗ್ತೀರಲ್ಲ" ಅಂದ್ಯಲ್ಲ, ಅದಕ್ಕೆ ನನ್ನ ಹತ್ರ ಉತ್ತರ ಇಲ್ಲಮ್ಮ. ನೀನು ಹೇಳಿದ್ದು ಸರಿ. ಪ್ರತಿ ಸಲ ಅವನನ್ನ ಪಕ್ಕದ ಮನೇಲಿ ಬಿಟ್ಟು ಹೊರಡೋವಾಗ ಅದು ಕುಟುಕುತ್ತೆ. ಆದ್ರೂ ಹೋಗ್ತೀವಿ. ವಾಪಸ್ ಬಂದ್ಮೇಲೆ ಅವನಿಗೆ ಸಿಗೋ ಅಪ್ಪ ಅಮ್ಮ ಸ್ವಲ್ಪ ಬೇರೆ ಥರ ಇರ್ತಾರೆ, ಅಷ್ಟು ಮಾತ್ರ ಹೇಳ್ಬಲ್ಲೆ.

ಈಗ ರೇಡಿಯೇಷನ್ ಇನ್ನು ಆರು ಬಾಕಿ. ಚರ್ಮ ಸುಟ್ಟ ಹಾಗಾಗಿದೆ, ಜಾಕೆಟ್ ಹಾಕೋ ಹಾಗಿಲ್ಲ, ಅದಕ್ಕೆ ಗಾಡಿ ಗ್ಯಾರೇಜಲ್ಲೇ. ಕೂದಲು ಅರ್ಧ ಇಂಚು ಬಂದಿದೆ, ನರೆತಿದ್ದೇ ಜಾಸ್ತಿ.

ನಿನ್ನೆ ಆಯುಧಪೂಜೆ ಮಾಡಿದ್ವಿ. ಬೂದುಗುಂಬಳ ಈ ಊರಲ್ಲಿ ಸಿಗಲ್ಲ, ಆದ್ರೆ ಹ್ಯಾಲೋವೀನ್ ಬಂತಲ್ಲ, ಬೀದಿ ತುಂಬ ಕೇಸರಿ ಬಣ್ಣದ ಕುಂಬಳಕಾಯಿ ರಾಶಿ, ಮಗ ಕಣ್ಣು ಮೂಗು ಕೊರೆಯೋಕೆ ತಂದಿದ್ದನ್ನೇ ಕುಂಕುಮ ಹಾಕಿ ಒಡೆದುಬಿಟ್ವಿ, ಅವನಿಗೆ ಕೋಪ. ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಇವರು ಗಾಡಿ ಎರಡಡಿ ಮುಂದೆ ತಳ್ಳಿದ್ರು. ಎದುರು ಮನೆ ಅಜ್ಜಿ ಗೇಟಲ್ಲಿ ನಿಂತು ನೋಡ್ತಿದ್ರು, ಏನಂದುಕೊಂಡ್ರೋ, ಒಂದು ಲೋಟ ಪಾನಕ ಕೊಟ್ಟು ಕಳಿಸ್ದೆ.

ಅಪ್ಪಾ, ಫ್ಯಾಕ್ಟ್ರಿ ಬಾಗಿಲು ಹಾಕಿದ 1996ರಲ್ಲೂ ನೀವು ಯೆಜ್ಡಿಗೆ ಹಾರ ಹಾಕೋದು ಬಿಟ್ಟಿರ್ಲಿಲ್ಲ, ನಾನೇ ಸೇವಂತಿಗೆ ಪೋಣಿಸಿ ಕೊಟ್ಟಿದ್ದೆ. ಈ ಸಲ ಟಾರ್ಪಾಲು ತೆಗೆದು ಪೂಜೆ ಮಾಡಿದ್ರಾ? ಮಾಡಿದ್ರೆ ಒಂದು ಫೋಟೋ ಗ್ರೂಪಿಗೆ ಹಾಕಿ. ಅಮ್ಮನ್ನ ಹಿಂದೆ ಕೂರಿಸ್ಕೊಂಡು ತೆಗೆಸಿ.

ನಿನ್ನ ಮಗಳು