ಎದೆಗೆ ಲೀಕ್ ಸಿಕ್ಕಿಸಿಕೊಳ್ಳುವ ದಿನ: ಮಗಳಿಗೊಂದು ಪತ್ರ

ಕಾರ್ಡಿಫ್

ಚಿ. ಮಗಳಿಗೆ ಅಪ್ಪನ ಆಶೀರ್ವಾದಗಳು.

ನಿನ್ನ ಹಳೆಯ ಫೋಟೊ ನೋಡಿದ ಅಜ್ಜಿ, ಎತ್ತರದ ಕಪ್ಪು ಟೊಪ್ಪಿಗೆ ಹಾಕಿಕೊಂಡು ಎದೆಗೆ ತರಕಾರಿ ಸಿಕ್ಕಿಸಿಕೊಂಡು ನಿಂತದ್ದೇಕೆ ಎಂದು ಕೇಳಿದರೆಂದೂ, ನಿನಗೆ ಸರಿಯಾಗಿ ಹೇಳಲಾಗಲಿಲ್ಲವೆಂದೂ ಧಾರವಾಡದಿಂದ ಬರೆದಿದ್ದೆ. ಮಾರ್ಚ್ 1 ಹತ್ತಿರ ಬಂದಿದೆ. ಉತ್ತರವನ್ನು ವಿವರವಾಗಿಯೇ ಬರೆಯುತ್ತೇನೆ, ಅವರಿಗೂ ಓದಿ ಹೇಳು.

ಅದು ವೇಲ್ಸ್ ನಾಡಿನ ಪಾಲಕ ಸಂತ ಡೇವಿಡ್‌ನ ದಿನ. ಇಲ್ಲಿಯವರು ಡೆವಿ ಎನ್ನುವ ಈ ಆರನೆಯ ಶತಮಾನದ ಸನ್ಯಾಸಿ ತೀರಿಕೊಂಡದ್ದು ಮಾರ್ಚ್ 1ರಂದು ಎಂಬುದು ಪರಂಪರೆಯ ನಂಬಿಕೆ. ಪಶ್ಚಿಮ ತುದಿಯ ಪೆಂಬ್ರೋಕ್‌ಷೈರ್‌ನಲ್ಲಿ ಅವನು ಮಠ ಕಟ್ಟಿದ ಜಾಗದಲ್ಲಿ ಇಂದು ದೊಡ್ಡ ಕೆಥೆಡ್ರಲ್ ಇದೆ. ಎರಡು ಸಾವಿರ ಜನರೂ ಇಲ್ಲದ ಆ ಊರು ಬ್ರಿಟನ್ನಿನ ಅತಿ ಚಿಕ್ಕ ನಗರವೆನಿಸಿದೆ. ಅವನ ಚರಿತ್ರೆಯನ್ನು ರಿಗಿವಾರ್ಖ್ ಎಂಬ ಪಾದ್ರಿ ಲ್ಯಾಟಿನ್‌ನಲ್ಲಿ ಬರೆದದ್ದು ಸುಮಾರು ಐದು ಶತಮಾನಗಳು ಕಳೆದ ಮೇಲೆ. ಹಾಗಾಗಿ ಅದರಲ್ಲಿ ಇತಿಹಾಸವೆಷ್ಟು, ಭಕ್ತಿಯೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಬ್ರೆವಿ ಎಂಬ ಊರಿನಲ್ಲಿ ಅವನು ಉಪದೇಶಿಸುತ್ತಿದ್ದಾಗ ಎಲ್ಲರಿಗೂ ಕಾಣುವಂತೆ ಅವನ ಕಾಲಡಿಯ ನೆಲವೇ ದಿಬ್ಬವಾಗಿ ಎದ್ದಿತೆಂದೂ, ಹೆಗಲ ಮೇಲೆ ಬಿಳಿಯ ಪಾರಿವಾಳ ಬಂದು ಕುಳಿತಿತೆಂದೂ ಕಥೆಯಿದೆ. ನನಗೆ ಈ ಪವಾಡಕ್ಕಿಂತ ಮಠದ ದಿನಚರಿಯೇ ಹೆಚ್ಚು ಹಿಡಿಸುತ್ತದೆ: ಎತ್ತುಗಳನ್ನು ಹೂಡದೆ ಸನ್ಯಾಸಿಗಳೇ ನೇಗಿಲು ಎಳೆಯಬೇಕು, ರೊಟ್ಟಿ ಮತ್ತು ಉಪ್ಪು ಹಾಕಿದ ಸೊಪ್ಪು ತಿನ್ನಬೇಕು, ನೀರು ಕುಡಿಯಬೇಕು. ಸಂತೋಷದಿಂದಿರಿ, ನಂಬಿಕೆಯನ್ನು ಬಿಡಬೇಡಿ, ನನ್ನಲ್ಲಿ ಕಂಡ ಸಣ್ಣ ಸಣ್ಣ ಕೆಲಸಗಳನ್ನು ಮಾಡುತ್ತಿರಿ ಎಂಬುದು ಅವನ ಕೊನೆಯ ಉಪದೇಶವೆಂದು ಪ್ರಸಿದ್ಧವಾಗಿದೆ. ನಿನ್ನ ಶಾಲೆಯ ಗೋಡೆಯ ಮೇಲೂ ಆ ಮಾತಿತ್ತು.

ಇನ್ನು ಆ ತರಕಾರಿ. ಲೀಕ್ ಎಂದರೆ ಉಳ್ಳಾಗಡ್ಡಿ ತಪ್ಪಲದ ದೊಡ್ಡಣ್ಣ ಎಂದರೆ ಅಜ್ಜಿಗೆ ತಕ್ಷಣ ತಿಳಿಯುತ್ತದೆ. ಇಂಗ್ಲಿಷರ ಪೂರ್ವಜರಾದ ಸ್ಯಾಕ್ಸನ್ನರೊಡನೆ ನಡೆದ ಯುದ್ಧದಲ್ಲಿ ತಮ್ಮವರ ಗುರುತು ಸಿಗಲೆಂದು ವೆಲ್ಷ್ ಸೈನಿಕರು ಲೀಕ್ ಧರಿಸಿದರು, ಹಾಗೆ ಧರಿಸಲು ಹೇಳಿದವನು ಡೆವಿಯೇ ಎಂಬುದು ದಂತಕಥೆ. ಅದನ್ನು ನಂಬಬೇಕಾಗಿಲ್ಲ, ಆದರೆ ಪದ್ಧತಿ ಹಳೆಯದೆನ್ನುವುದಂತೂ ನಿಜ, ಏಕೆಂದರೆ 1599ರ ಸುಮಾರಿಗೆ ಬರೆದ ನಾಟಕವೊಂದರಲ್ಲಿ ಶೇಕ್ಸ್‌ಪಿಯರ್, ಲೀಕನ್ನು ಗೇಲಿ ಮಾಡಿದವನಿಗೆ ವೆಲ್ಷ್ ಅಧಿಕಾರಿಯೊಬ್ಬ ಅದನ್ನೇ ಹಸಿಯಾಗಿ ತಿನ್ನಿಸುವ ಪ್ರಸಂಗವನ್ನು ತಂದಿದ್ದಾನೆ. ವೆಲ್ಷ್ ಸೈನ್ಯದಳಗಳಲ್ಲಿ ಕಿರಿಯ ಸೈನಿಕ ಈ ದಿನ ಎಲ್ಲರೆದುರು ಹಸಿ ಲೀಕ್ ತಿನ್ನುವ ರೂಢಿ ಇಂದಿಗೂ ಇದೆ. ಮನೆಗಳಲ್ಲಿ ಅದು ಕುರಿಮಾಂಸದೊಂದಿಗೆ ಕೌಲ್ ಎಂಬ ಸಾರಿನಲ್ಲಿ ಬೇಯುತ್ತದೆ. ನಮ್ಮ ಮನೆಯಲ್ಲಿ ಮಾಂಸವಿಲ್ಲದೆ.

ನಿನಗೆ ಇಷ್ಟವಾದ ಹಳದಿ ಡ್ಯಾಫೋಡಿಲ್ ಹೂವು ಈಚಿನದು. ಹತ್ತೊಂಬತ್ತನೆಯ ಶತಮಾನದಲ್ಲಿ ಬಳಕೆಗೆ ಬಂದು, ಲಾಯ್ಡ್ ಜಾರ್ಜ್‌ನಂತಹ ರಾಜಕಾರಣಿಯ ಒಲವಿನಿಂದ ಮತ್ತಷ್ಟು ಜನಪ್ರಿಯವಾಯಿತು. ಚೆಂದದ ಹೂವು, ಆ ಕಾಲಕ್ಕೆ ಸರಿಯಾಗಿ ಅರಳುತ್ತದೆ, ಲೀಕಿನ ಹಾಗೆ ವಾಸನೆಯೂ ಇಲ್ಲ. ಆದರೂ ಸೊಪ್ಪು ತಿಂದು ನೀರು ಕುಡಿದು ಬದುಕಿದ ಸಂತನಿಗೆ ಹೊಲದ ಲೀಕೇ ತಕ್ಕದ್ದೆಂದು ನನ್ನ ಅಭಿಪ್ರಾಯ.

ನಿನ್ನ ಟೊಪ್ಪಿಗೆ, ಕೆಂಪು ಶಾಲುಗಳೂ ಸಂತನ ಕಾಲದವಲ್ಲ. ಹಳ್ಳಿಯ ಹೆಂಗಸರ ಉಡುಪನ್ನು ರಾಷ್ಟ್ರೀಯ ಉಡುಪಿನ ಮಟ್ಟಕ್ಕೆ ಏರಿಸಲು ದುಡಿದವರಲ್ಲಿ ಲೇಡಿ ಲಾನೋವರ್ ಪ್ರಮುಖಳು. ವೆಲ್ಷ್ ಭಾಷೆಯನ್ನೂ ಉಡುಪನ್ನೂ ಉಳಿಸಿಕೊಳ್ಳಬೇಕೆಂಬ ಅವಳ ಪ್ರಬಂಧಕ್ಕೆ 1834ರಲ್ಲಿ ಇದೇ ಕಾರ್ಡಿಫ್‌ನ ಐಸ್ಟೆದ್‌ವೊಡ್ ಎಂಬ ವೆಲ್ಷ್ ಸಾಹಿತ್ಯ, ಸಂಗೀತ ಸ್ಪರ್ಧೆಗಳ ಉತ್ಸವದಲ್ಲಿ ಬಹುಮಾನ ಬಂದಿತ್ತು.

ಅಂದು ರಜೆಯಿರಲಿಲ್ಲವೇ ಎಂದೂ ಅಜ್ಜಿ ಕೇಳಬಹುದು. ಇಲ್ಲ. ರಜೆ ಬೇಕೆಂದು ವೇಲ್ಸ್ ಶಾಸನಸಭೆ 2000ದಲ್ಲಿ ಒಮ್ಮತದಿಂದ ಹೇಳಿದರೂ ಲಂಡನ್ ಸರ್ಕಾರ ಒಪ್ಪಲಿಲ್ಲ. ಇಲ್ಲಿ ಅನೇಕರಿಗೆ ಅದು ಅಸಮಾಧಾನದ ವಿಷಯ, ಅದು ನ್ಯಾಯವೂ ಹೌದು. ಆದರೆ ಶಾಲೆ ತೆರೆದಿದ್ದುದರಿಂದಲೇ ನೀವೆಲ್ಲ ಆ ಉಡುಪಿನಲ್ಲಿ ಸೇರಿ ವೆಲ್ಷ್ ಪದ್ಯ ಹೇಳಿ, ಹಾಡಿ, ಬಹುಮಾನಕ್ಕಾಗಿ ಪೈಪೋಟಿ ನಡೆಸಿದಿರಿ ಎಂಬುದನ್ನೂ ಅವರಿಗೆ ಹೇಳು.

ಇಂತಿ,
ನಿನ್ನ ಅಪ್ಪ